ಎರವಲು ಹೆಜ್ಜೆ

ಅಮ್ಮ ಕೈಪಟ್ಟಿ ಬಿಚ್ಚಿ ಫ್ರಿಜ್ಜಿನ ಮೇಲಿಟ್ಟಳು. ಆಗಿದ್ದು ಇಷ್ಟೇ. ಇಷ್ಟಕ್ಕೇ ಚಾರ್ಜರನ ಎದೆ ಧಸಕ್ಕೆಂದಿತು.

ಚಾರ್ಜರ್ ಎಂಬುದು ಆಫೀಸಿನವರು ಇಟ್ಟ ಹೆಸರು. ಜೇಬಿನಲ್ಲಿ ಸದಾ ನಾಲ್ಕು ಬಗೆಯ ವೈರು ತುಂಬಿಕೊಂಡು, ಯಾರ ಮನೆಗೆ ಹೋದರೂ ಕೂರುವ ಮೊದಲು ಪ್ಲಗ್ಗು ಎಲ್ಲಿದೆ ಎಂದು ಗೋಡೆ ನೋಡುವವನಿಗೆ ಇನ್ನೇನು ಹೆಸರಿಟ್ಟಾರು? ಇಪ್ಪತ್ತಾರರ ಪ್ರಾಯ. ಮನುಷ್ಯ ಮಾಡುವ ಯಾವ ಕೆಲಸವನ್ನೇ ಆಗಲಿ ಯಂತ್ರ ಇನ್ನೂ ಚೆನ್ನಾಗಿ ಮಾಡುತ್ತದೆ ಎಂಬುದು ಅವನ ಸಿದ್ಧಾಂತ. ಅವನ ಹಲ್ಲುಜ್ಜುವ ಬ್ರಷ್ಷು, ಎಡಗಡೆ ದವಡೆ ಬಾಕಿ ಇದೆ ಎಂದು ಫೋನಿಗೆ ವರದಿ ಕಳಿಸುತ್ತಿತ್ತು. ನೀರಿನ ಬಾಟಲಿ ಅವನಿಗೆ ಬಾಯಾರಿಕೆಯಾಗಿದೆ ಎಂದು ತಿಳಿಸುತ್ತಿತ್ತು. ಅದು ತಿಳಿಸುವವರೆಗೆ ಅವನಿಗೆ ಬಾಯಾರಿಕೆ ಆಗುತ್ತಿರಲಿಲ್ಲ. ಒಂದು ದಿನ ಬಾಟಲಿಯ ಬ್ಯಾಟರಿ ಮುಗಿದು, ಸಂಜೆಯವರೆಗೂ ಒಣಗಿದ ತುಟಿ ಸವರುತ್ತಾ ಕೂತಿದ್ದ. ಅಮ್ಮ ಒಂದು ಲೋಟ ನೀರು ತಂದಿಟ್ಟು, ಇದಕ್ಕೆ ಬ್ಯಾಟರಿ ಬೇಡ, ಕುಡಿ ಎಂದಿದ್ದಳು.

ಇಂಥವನು ಕೆಲಸಕ್ಕಿದ್ದದ್ದು ಮನೆಮನೆಗೆ ನೀರು ಪೂರೈಸುವ ಕಂಪನಿಯ ಬಿಲ್ ವಿಭಾಗದಲ್ಲಿ. ಸುತ್ತುವ ಕುರ್ಚಿ, ತಲೆಯ ಮೇಲೆ ಎ.ಸಿ., ಕಾಲ ಬಳಿ ಎರಡು ಪ್ಲಗ್ಗು. ಸ್ವರ್ಗ ಎಂದರೆ ಇಷ್ಟೇ ಇರಬೇಕು ಎಂದುಕೊಂಡು ಸುಖವಾಗಿದ್ದ. ಒಂದು ತಿಂಗಳ ಹಿಂದೆ ಮ್ಯಾನೇಜರು ಎಲ್ಲರನ್ನೂ ಕರೆದು ಒಂದೊಂದು ಕೈಪಟ್ಟಿ ಹಂಚಿದರು. ಪಟ್ಟಿ ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ಅದರೊಳಗೆ ಅದರದೇ ಸಿಮ್ಮು ಇದೆ, ಎಲ್ಲರ ಲೆಕ್ಕವೂ ಎಲ್ಲರ ಫೋನಿನಲ್ಲಿ ಕಾಣುತ್ತದೆ; ತಿಂಗಳ ಕೊನೆಯ ದಿನ ಸಂಜೆ ಐದಕ್ಕೆ ಯಾರ ಹೆಜ್ಜೆ ಹೆಚ್ಚಿದೆಯೋ ಅವರಿಗೆ ಬದುಕನ್ನೇ ಬದಲಿಸುವ ಬಹುಮಾನ ಎಂದು ಸಾರಿದರು. ಪಟ್ಟಿಯನ್ನು ಬೇರೆಯವರ ಕೈಗೆ ಕಟ್ಟಿ ಲೆಕ್ಕ ತೋರಿಸಿದರೆ ಕೆಲಸದಿಂದಲೇ ತೆಗೆಯುವುದಾಗಿಯೂ ಹೇಳಿದರು.

ಬದುಕು ಬದಲಿಸುವ ವಸ್ತು ಮಡಚುವ ಫೋನಲ್ಲದೆ ಇನ್ನೇನಿದ್ದೀತು? ಮ್ಯಾನೇಜರು ಫೋನಿನ ಅಂಗಡಿಯಿಂದ ಹೊರಬರುವುದನ್ನು ಆಫೀಸಿನ ಡ್ರೈವರು ಕಣ್ಣಾರೆ ನೋಡಿದ್ದ. ಆ ಫೋನನ್ನು ಚಾರ್ಜರು ಅಂಗಡಿಯ ಗಾಜಿನಾಚೆ ನಿಂತು ಅದೆಷ್ಟು ಸಲ ನೋಡಿದ್ದನೆಂದರೆ, ಅಂಗಡಿಯವನು ಅವನನ್ನು ಕಂಡರೆ ಒಳಗಿನಿಂದಲೇ ಕೈ ಬೀಸುತ್ತಿದ್ದ. ಅದು ತನಗೆ ಸಿಗಲೇಬೇಕು ಎಂದು ಚಾರ್ಜರು ಹಟ ಹಿಡಿದ.

ಆದರೆ ನಡೆಯುವವರು ಯಾರು? ಮೊದಲ ದಿನ ಪಟ್ಟಿಯನ್ನು ಫ್ಯಾನಿಗೆ ಕಟ್ಟಿದ. ಐದೇ ನಿಮಿಷಕ್ಕೆ ಫೋನಿಗೆ ಸಂದೇಶ ಬಂತು: ಧರಿಸಿದವರು ಜೀವಂತ ಇರುವಂತೆ ಕಾಣುತ್ತಿಲ್ಲ. ಅಂದರೆ ನಾಡಿ ಮಿಡಿಯುವ ಕೈಯೇ ಬೇಕು. ಚಾರ್ಜರು ಬಹಳ ಹೊತ್ತು ಯೋಚಿಸಿ, ಬಿ.ಪಿ. ನೋಡುವ ಯಂತ್ರ ಎಂದು ಹೇಳಿ ಅಮ್ಮನ ಕೈಗೆ ಕಟ್ಟಿದ. ಸಂಜೆ ನೋಡಿದರೆ ಹದಿಮೂರು ಸಾವಿರ ಹೆಜ್ಜೆ. ಇಷ್ಟು ಪುಟ್ಟ ಮನೆಯಲ್ಲಿ ಅಮ್ಮ ಇಷ್ಟೆಲ್ಲ ಎಲ್ಲಿಗೆ ನಡೆಯುತ್ತಾಳೆ ಎಂದು ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. ಎದ್ದು ಸಹಾಯ ಮಾಡುವಷ್ಟು ಆಶ್ಚರ್ಯ ಆಗಲಿಲ್ಲ. ಬೆಳಿಗ್ಗೆ ಆಫೀಸಿನಲ್ಲಿ ಪಟ್ಟಿ ಎಲ್ಲಿ ಎಂದು ಕೇಳಿದರೆ ಮನೆಯಲ್ಲಿ ಮರೆತು ಬಂದೆ ಎನ್ನುವುದು, ಸಂಜೆ ಅಮ್ಮನ ಕೈ ಹಿಡಿದು ಲೆಕ್ಕ ನೋಡುವುದು. ಮಗನಿಗೆ ನನ್ನ ಆರೋಗ್ಯದ ಮೇಲೆ ಎಷ್ಟು ಕಾಳಜಿ ಎಂದು ಅಮ್ಮ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ಹಿಗ್ಗಿದಳು. ಅದನ್ನು ಕೇಳಿದಾಗ ಚಾರ್ಜರನಿಗೆ ಒಂದು ಗಳಿಗೆ ನಾಚಿಕೆಯಾಯಿತು; ಮಡಚುವ ಫೋನು ನೆನಪಾದೊಡನೆ ಆ ನಾಚಿಕೆಯೂ ಮಾಯವಾಯಿತು.

ಹೀಗೆ ಅಮ್ಮನ ಕಾಲಿನಿಂದ ಎರಡನೇ ಸ್ಥಾನದವರೆಗೆ ಬಂದಿದ್ದ. ಮೊದಲ ಸ್ಥಾನದಲ್ಲಿದ್ದವಳು ರೆಕಾರ್ಡ್ ರೂಮಿನ ಫೈಲಕ್ಕ. ಬೀರುವಿಂದ ಬೀರುವಿಗೆ ದಿನವಿಡೀ ಓಡಾಡುವ ಹೆಂಗಸು. ಅವಳಿಗೂ ಇವನಿಗೂ ಏಳು ಸಾವಿರದ ಮುನ್ನೂರು ಹೆಜ್ಜೆಯ ಅಂತರ. ಇವತ್ತೇ ಕೊನೆಯ ದಿನ. ಮನೆಯಲ್ಲೇ ಕೂತು ನಿಗಾ ಇಡೋಣವೆಂದು ಜ್ವರ ಎಂದು ರಜೆಯನ್ನೂ ಹಾಕಿದ್ದ. ಅಷ್ಟರಲ್ಲಿ ಅಮ್ಮ ಪಟ್ಟಿ ಬಿಚ್ಚಿಟ್ಟು, ತಂಗಿ ಮನೆಗೆ ಹೋಗಿ ಬರ್ತೀನಿ ಎಂದು ಚಪ್ಪಲಿ ಮೆಟ್ಟಿದಳು.

ಚಾರ್ಜರು ಪಟ್ಟಿ ಹಿಡಿದು ಹಿಂದೆ ಓಡಿದ. ಕೈ ಕಡಿಯುತ್ತೆ, ಒಂದು ದಿನ ಬಿ.ಪಿ. ನೋಡದಿದ್ದರೆ ನಾನೇನು ಸಾಯಲ್ಲ ಎಂದು ಅಮ್ಮ ಮೆಟ್ಟಿಲಿಳಿದೇ ಬಿಟ್ಟಳು. ಕಟ್ಟಿಕೊಂಡು ಹೋಗಿದ್ದರೂ ಪ್ರಯೋಜನವಿರಲಿಲ್ಲ ಬಿಡಿ. ಚಿಕ್ಕಮ್ಮನ ಮನೆಯ ಸೋಫಾ ಮೇಲೆ ಕೂತರೆ ಅಮ್ಮ ಏಳುವುದು ಸಂಜೆಯ ಬಸ್ಸಿಗೇ.

ಸ್ವತಃ ನಡೆಯುವ ಯೋಚನೆಯೂ ಬಂತೆನ್ನಿ. ಪಟ್ಟಿ ಕಟ್ಟಿಕೊಂಡು ಮಹಡಿಯ ಮೇಲೆ ಮೂರು ಸುತ್ತು ಹಾಕಿದ. ಕಾಲು ಹಿಡಿದುಕೊಂಡಿತು. ನಡೆಯುವುದು ಯಂತ್ರಯುಗಕ್ಕೆ ಒಪ್ಪುವ ಕೆಲಸವಲ್ಲ ಎಂದು ತೀರ್ಮಾನಿಸಿ, ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರ ಬಾಗಿಲು ತಟ್ಟಿದ. ನಿವೃತ್ತರಾಗಿ ಹತ್ತು ವರ್ಷವಾದರೂ ಮೇಷ್ಟ್ರು ಬೆಳಿಗ್ಗೆ ಒಂದು ತಾಸು ಪಾರ್ಕಿನಲ್ಲಿ ಬಿರುಸಾಗಿ ನಡೆಯುತ್ತಾರೆ, ಯುವಕರನ್ನು ನಾಚಿಸುತ್ತಾರೆ ಎಂದು ಅವರ ಹೆಂಡತಿ ಇಡೀ ಕಟ್ಟಡಕ್ಕೆ ಹೇಳಿದ್ದರು. ಪಟ್ಟಿಯ ಪರೀಕ್ಷೆ ಮಾಡಬೇಕು ಮೇಷ್ಟ್ರೇ ಎಂದಾಗ ಅವರು ಎದೆಯುಬ್ಬಿಸಿ ಕೈ ಚಾಚಿದರು.

ಒಂದು ತಾಸಾದ ಮೇಲೆ ಮೇಷ್ಟ್ರು ಟವೆಲಿನಿಂದ ಹಣೆ ಒರೆಸುತ್ತಾ ವಾಪಸು ಬಂದರು. ಚಾರ್ಜರು ಅವರ ಮನೆಬಾಗಿಲಲ್ಲೇ ಪಟ್ಟಿ ತಿರುಗಿಸಿ ನೋಡಿ, ಅವಸರದಲ್ಲಿ ಗಟ್ಟಿಯಾಗಿಯೇ ಓದಿಬಿಟ್ಟ: "ಮುನ್ನೂರ ಹನ್ನೆರಡು."

"ಎಷ್ಟು?" ಒಳಗಿನಿಂದ ಮೇಷ್ಟ್ರ ಹೆಂಡತಿ ಕೇಳಿದರು.

ಪಾರ್ಕಿಗೆ ಹೋಗಲು ನೂರೈವತ್ತು, ಬರಲು ನೂರೈವತ್ತು, ಬೆಂಚು ಒರೆಸಿ ಕೂರಲು ಹನ್ನೆರಡು. ಹತ್ತು ವರ್ಷದ ಗುಟ್ಟು ಹತ್ತೇ ಸೆಕೆಂಡಿನಲ್ಲಿ ರಟ್ಟಾಯಿತು. ಹಾಗಾದರೆ ದಿನಾ ಬೆಳಿಗ್ಗೆ ಸುಸ್ತು ಸುಸ್ತು ಅಂತ ನನ್ನ ಕೈಲಿ ಕಾಲು ಒತ್ತಿಸಿಕೊಳ್ತಿದ್ದದ್ದು ಯಾವ ಸುಖಕ್ಕೆ ಎಂದು ಆಕೆ ಸೌಟು ಹಿಡಿದೇ ಹೊರಬಂದರು. ಮೇಷ್ಟ್ರು ಚಾರ್ಜರನ ಕಡೆ ನೋಡಿದ ನೋಟಕ್ಕೆ ಅವನು ಪಟ್ಟಿ ಕಸಿದುಕೊಂಡು ಕಾಲಿಗೆ ಬುದ್ಧಿ ಹೇಳಿದ.

ಗೇಟಿನ ಹತ್ತಿರ ಕೊರಿಯರ್ ಅಣ್ಣ ಸಿಕ್ಕಿದ. ದೇವರೇ ಕಳಿಸಿದ ಹಾಗಿದ್ದ. ಅವನ ಸತ್ತುಹೋದ ಫೋನಿಗೆ ಹಿಂದಿನ ವಾರವಷ್ಟೇ ಚಾರ್ಜರು ಜೀವ ಕೊಟ್ಟಿದ್ದರಿಂದ, ಆ ಋಣಕ್ಕೆ ಕೊರಿಯರ್ ಅಣ್ಣ ಇನ್ನೇನೂ ಕೇಳದೆ ಪಟ್ಟಿ ಕಟ್ಟಿಸಿಕೊಂಡು ಸ್ಕೂಟರ್ ಏರಿದ. ಆಮೇಲೆ ಚಾರ್ಜರನಿಗೆ ಹೊಳೆಯಿತು: ಇವನು ಸ್ಕೂಟರಿನಲ್ಲಿ ಹೋಗುವವನು, ಹೆಜ್ಜೆ ಎಲ್ಲಿಂದ ಬರಬೇಕು? ತನ್ನ ಬುದ್ಧಿಗೆ ತಾನೇ ಹಣೆ ಚಚ್ಚಿಕೊಂಡು ಫೋನು ತೆರೆದ. ಲೆಕ್ಕ ಓಡುತ್ತಿತ್ತು. ಒಂದು ಸಾವಿರ, ಎರಡು ಸಾವಿರ, ಮೂರೂವರೆ. ಹಳೇ ಗೋದಾಮಿನ ರಸ್ತೆಯಲ್ಲಿ ಗುಂಡಿಗಳ ನಡುವೆ ಅಲ್ಲಲ್ಲಿ ಸ್ವಲ್ಪ ರಸ್ತೆಯೂ ಇತ್ತು; ಸ್ಕೂಟರು ಕುಲುಕಿದಾಗಲೆಲ್ಲ ಪಟ್ಟಿ ಒಂದು ಹೆಜ್ಜೆ ಎಂದು ಬರೆದುಕೊಳ್ಳುತ್ತಿತ್ತು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದು ಚಾರ್ಜರು ಕುರ್ಚಿಯಲ್ಲಿ ಕಾಲು ಚಾಚಿ ಕೂತ. ಇನ್ನೂ ವಿಚಿತ್ರವೆಂದರೆ, ಫೈಲಕ್ಕನ ಲೆಕ್ಕ ಬೆಳಿಗ್ಗೆಯಿಂದ ಅಲ್ಲಾಡಿರಲೇ ಇಲ್ಲ. ಪಾಪ, ಕಾಲು ನೋವಿರಬೇಕು ಎಂದು ಕನಿಕರಪಟ್ಟ. ಎರಡು ಗಂಟೆಗೆ ಅವಳನ್ನು ದಾಟಿದ.

ಎರಡು ಗಂಟೆ ಐದು ನಿಮಿಷಕ್ಕೆ ಕೊರಿಯರ್ ಅಣ್ಣ ಒಂದು ದೊಡ್ಡ ಗುಂಡಿಯಲ್ಲಿ ಬಿದ್ದ.

ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಪಟ್ಟಿ ಸುಮ್ಮನಿರಬೇಕಲ್ಲ. ಧರಿಸಿದವರು ಬಿದ್ದರೆ ಅದು ತಾನಾಗಿಯೇ ಮನೆಯವರಿಗೊಂದು, ಮ್ಯಾನೇಜರಿಗೊಂದು ಕರೆ ಮಾಡಿ ಬಿದ್ದ ಜಾಗವನ್ನೂ ಹೇಳುತ್ತಿತ್ತು. ಮೊದಲು ಅಮ್ಮನ ಫೋನು ಬಂತು.

"ಅಲ್ವೋ, ನಾನು ಇಲ್ಲಿ ಸೋಫಾ ಮೇಲೆ ಕೂತಿದೀನಿ. ನಿನ್ನ ಬಿ.ಪಿ. ಯಂತ್ರ ಫೋನ್ ಮಾಡಿ, ನಾನು ಬಿದ್ದಿದೀನಿ ಅಂತಿದೆ. ಬಿದ್ದಿದೀನಾ?"

"ಇಲ್ಲಮ್ಮ, ನೀನು ಬಿದ್ದಿಲ್ಲ."

"ನೋಡು ಮತ್ತೆ. ನಿನ್ನ ಚಿಕ್ಕಮ್ಮ ಆಗಲೇ ಅಳೋಕೆ ಶುರು ಮಾಡಿದಾಳೆ."

ಅಮ್ಮನನ್ನು ಸಮಾಧಾನ ಮಾಡಿ ಮುಗಿಸುವಷ್ಟರಲ್ಲಿ ಮ್ಯಾನೇಜರ ಕರೆ. ಮ್ಯಾನೇಜರು ಒಳ್ಳೆಯ ಮನುಷ್ಯ, ಅದೇ ತೊಂದರೆ. ಜ್ವರ ಅಂತ ಮಲಗಿದ್ದವನು ಗೋದಾಮಿನ ರಸ್ತೆಯಲ್ಲಿ ಹೇಗಪ್ಪ ಬಿದ್ದೆ ಎಂದು ಗಾಬರಿಯಿಂದ ಕೇಳಿದರು. ಚಾರ್ಜರನ ಬಾಯಿ ಒಣಗಿತು. ಬಾಟಲಿ ಹೇಳದೆಯೇ ಒಣಗಿತು. ಪಟ್ಟಿ ಬೇರೆಯವರ ಕೈಯಲ್ಲಿದೆ ಎಂದರೆ ಕೆಲಸ ಹೋಗುತ್ತದೆ.

"ಜ್ವರ ಬೆವರಲ್ಲಿ ಇಳಿದು ಹೋಗ್ಲಿ ಅಂತ... ನಡೀತಾ ಇದ್ದೆ ಸಾರ್."

ಮ್ಯಾನೇಜರ ದನಿ ಗದ್ಗದವಾಯಿತು. ಜ್ವರದಲ್ಲೂ ನಡಿಗೆ ಬಿಡದ ಇಂಥ ಹುಡುಗನನ್ನು ತಾವು ಕಂಡೇ ಇಲ್ಲ ಎಂದರು. ಅಲ್ಲೇ ಇರು, ಅಲ್ಲಾಡಬೇಡ, ಕಾರು ತಗೊಂಡು ಇಪ್ಪತ್ತು ನಿಮಿಷದಲ್ಲಿ ಬರ್ತೀನಿ ಎಂದು ಫೋನಿಟ್ಟರು.

ಗೋದಾಮಿನ ರಸ್ತೆ ಅಲ್ಲಿಂದ ಮೂರು ಕಿಲೋಮೀಟರು. ಚಾರ್ಜರು ತನ್ನ ಬ್ಯಾಟರಿ ಸ್ಕೂಟರಿನ ಗುಂಡಿ ಒತ್ತಿದ. ಹೊಸ ಸಾಫ್ಟ್‌ವೇರ್ ಸೇರಿಸಿಕೊಳ್ಳುತ್ತಿದ್ದೇನೆ, ದಯವಿಟ್ಟು ನಲವತ್ತು ನಿಮಿಷ ಕಾಯಿರಿ ಎಂದು ಅದು ಬಹಳ ವಿನಯದಿಂದ ಹೇಳಿತು. ಅವನು ಅದಕ್ಕೊಂದು ಒದೆ ಕೊಟ್ಟು ಓಡಿದ. ಶಾಲೆ ಬಿಟ್ಟ ಮೇಲೆ ಇದೇ ಮೊದಲ ಓಟ. ಬೀದಿಯ ನಾಯಿಗೆ ಅನುಮಾನ ಬಂದು ಅರ್ಧ ದೂರ ಜೊತೆಗೆ ಬಂತು. ಎದೆ ಹಾರ್ಮೋನಿಯಂ ತಿದಿಯ ಹಾಗೆ ಏರಿ ಇಳಿಯುತ್ತಿತ್ತು. ತಿಂಗಳಿಡೀ ಎರವಲು ಹೆಜ್ಜೆಯಲ್ಲಿ ಬದುಕಿದವನು ನಾಲ್ಕು ಸಾವಿರ ಸ್ವಂತ ಹೆಜ್ಜೆ ಇಟ್ಟಿದ್ದ, ಲೆಕ್ಕಕ್ಕೆ ಒಂದೂ ಬರಲಿಲ್ಲ.

ಕೊರಿಯರ್ ಅಣ್ಣ ರಸ್ತೆ ಬದಿ ಕೂತು ಒದ್ದೆಯಾದ ಪೊಟ್ಟಣಗಳನ್ನು ಒಣಗಿಸುತ್ತಿದ್ದ. ನಿನ್ನ ಪಟ್ಟಿ ಕಟ್ಟಿಕೊಂಡ ಗಳಿಗೆಯೇ ಸರಿಯಿಲ್ಲ ಎಂದು ಅವನು ದೂರು ಹೇಳುತ್ತಿರುವಾಗಲೇ ಚಾರ್ಜರು ಪಟ್ಟಿ ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡು, ಕೈಮುಗಿದು ಅವನನ್ನು ಸ್ಕೂಟರ್ ಸಮೇತ ಅಲ್ಲಿಂದ ಸಾಗಹಾಕಿ, ಅದೇ ಗುಂಡಿಯ ಕೆಸರಿನಲ್ಲಿ ಅಂಗಾತ ಮಲಗಿದ. ಮುಂದಿನ ತಿರುವಿನಲ್ಲೇ ಕಾರಿನ ಹಾರ್ನ್ ಕೇಳಿಸಿತು.

ಮ್ಯಾನೇಜರು ಪಟ್ಟಿ ನೋಡಿದರೆ ನಾಡಿ ನೂರ ಎಪ್ಪತ್ತೆಂಟು. ಎಷ್ಟು ನಡೆದಿದೀಯಪ್ಪ ಎಂದು ಅವರ ಕಣ್ಣಲ್ಲಿ ನೀರೇ ಬಂತು. ಕಾರಿನ ಸೀಟಿಗೆ ಪೇಪರು ಹಾಸಿ ಕೂರಿಸಿಕೊಂಡು, ಡಾಕ್ಟರಿಗೆ ತೋರಿಸಿ, ಐದು ಗಂಟೆಗೆ ಸರಿಯಾಗಿ ಆಫೀಸಿಗೆ ಕರೆತಂದರು. ಒಣಗಿದ ಕೆಸರಿನಲ್ಲಿ ಚಾರ್ಜರು ಆಗತಾನೇ ಅಗೆದು ತೆಗೆದ ಗೆಡ್ಡೆಯಂತಿದ್ದ. ಆದರೂ ಮನಸ್ಸು ಹಕ್ಕಿ. ಲೆಕ್ಕ ಘೋಷಿಸಿದರು: ಫೈಲಕ್ಕನಿಗಿಂತ ಆರುನೂರ ನಲವತ್ತು ಹೆಜ್ಜೆ ಮುಂದೆ. ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ಫೈಲಕ್ಕನೇ ತಟ್ಟುತ್ತಿದ್ದಳು. ಸೋತವಳ ದೊಡ್ಡ ಮನಸ್ಸು ನೋಡಿ ಚಾರ್ಜರು ಅವಳ ಕಡೆಗೊಂದು ನಮಸ್ಕಾರ ಹಾಕಿದ.

ಮ್ಯಾನೇಜರು ಮಾತಿಗೆ ನಿಂತರು. ಊರಾಚೆಯ ಗುಡ್ಡದ ಮೇಲಿನ ಮನೆಗಳು ಎಲ್ಲರಿಗೂ ಗೊತ್ತಲ್ಲ ಎಂದರು. ಅಲ್ಲಿಗೆ ರಸ್ತೆಯಿಲ್ಲ, ಎಂಟುನೂರು ಮೆಟ್ಟಿಲು. ತಾನಾಗಿಯೇ ಲೆಕ್ಕ ಕಳಿಸುವ ಹೊಸ ಮೀಟರು ಕೂರಿಸಿ ನೋಡಿದರೆ ಅಲ್ಲಿ ಯಾವ ಸಿಗ್ನಲೂ ಸಿಗುವುದಿಲ್ಲ. ಯಂತ್ರದ ಕೈಲಾಗದ ಕೆಲಸ, ಮನುಷ್ಯನೇ ಹತ್ತಬೇಕು, ಮೂರು ವರ್ಷದಿಂದ ಯಾರೂ ಒಪ್ಪಿಲ್ಲ. ನಡಿಗೆಯೇ ಪ್ರಾಣ ಎನ್ನುವವರು ನಮ್ಮಲ್ಲಿ ಯಾರಿದ್ದಾರೆ ಎಂದು ತಿಳಿಯಲೆಂದೇ ಮೇಲಿನವರು ಈ ಸ್ಪರ್ಧೆ ಇಟ್ಟದ್ದು.

"ನಾಳೆಯಿಂದ ಗುಡ್ಡದ ವಿಭಾಗದ ಮೀಟರ್ ಓದುವ ಹುದ್ದೆ ನಿನ್ನದಪ್ಪ. ಅಲ್ಲಿ ಫೋನು ಕೆಲಸ ಮಾಡಲ್ಲ, ಎಲ್ಲ ಪುಸ್ತಕದಲ್ಲೇ ಬರ್ಕೋಬೇಕು. ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳು."

ಹೇಳುವುದೇನೋ ಬೇಕಾದಷ್ಟಿತ್ತು. ಆ ಹೆಜ್ಜೆ ನನ್ನದಲ್ಲ ಸಾರ್, ಅಮ್ಮನದು, ಮೇಷ್ಟ್ರದು, ಗುಂಡಿಗಳದು ಎಂದರೆ ಗುಡ್ಡ ತಪ್ಪುತ್ತಿತ್ತು, ಕೆಲಸವೂ ತಪ್ಪುತ್ತಿತ್ತು. ಚಾರ್ಜರು ಥ್ಯಾಂಕ್ಸ್ ಸಾರ್ ಎಂದ. ಮ್ಯಾನೇಜರು ಅವನ ಕೆಸರು ಕೈಯನ್ನು ಹಿಡಿದು ಕುಲುಕಿದರು. ಪಟ್ಟಿ ಅದನ್ನೂ ನಾಲ್ಕು ಹೆಜ್ಜೆ ಎಂದು ಬರೆದುಕೊಂಡಿತು.

ಎಲ್ಲರೂ ಹೊರಟ ಮೇಲೆ ಅವನು ತನ್ನ ಸುತ್ತುವ ಕುರ್ಚಿಯಲ್ಲಿ ಕೊನೆಯ ಸಲ ಕೂತ. ಕಾಲ ಬಳಿಯ ಎರಡು ಪ್ಲಗ್ಗನ್ನೂ ಒಮ್ಮೆ ಸವರಿದ. ಫೈಲಕ್ಕ ಹತ್ತಿರ ಬಂದು ಅವನ ಭುಜದ ಮೇಲೆ ಕೈಯಿಟ್ಟಳು. ಬೇಜಾರು ಮಾಡ್ಕೋಬೇಡಿ ಅಕ್ಕ, ನಿಮ್ಮ ಬಹುಮಾನ ನಾನು ಕಸಿದುಕೊಂಡೆ ಎಂದು ಅವನು ಬಾಯಿಮಾತಿಗೆ ಹೇಳಿದ.

"ಅಯ್ಯೋ, ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ," ಎಂದಳು ಫೈಲಕ್ಕ. "ಆ ಗುಡ್ಡದ ಹುದ್ದೆಯ ಆರ್ಡರ್ ನಿನ್ನೆ ಸಂಜೆನೇ ನನ್ನ ಫೈಲಿಗೆ ಬಂತು, ಹೆಸರಿನ ಜಾಗ ಖಾಲಿ. ನೋಡಿ ನನ್ನ ಕೈಕಾಲೇ ಬಿದ್ದುಹೋಯ್ತು. ಅದಕ್ಕೇ ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಎದ್ದಿಲ್ಲ, ಊಟಾನೂ ಕೂತಲ್ಲೇ ಮಾಡಿದೆ. ಎರಡು ಗಂಟೆಗೆ ನೀನು ದಾಟಿದೆ ನೋಡು, ಆಗ ಉಸಿರು ಬಂತು."

ಫೈಲಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಾಗಿಲವರೆಗೆ ಹೋಗಿ, ಏನೋ ನೆನಪಾದವಳಂತೆ ತಿರುಗಿದಳು.

"ಬೆಳಿಗ್ಗೆ ಬೇಗ ಹೊರಡಪ್ಪ. ಬಸ್ಸು ಗುಡ್ಡದ ಬುಡದವರೆಗೆ ಮಾತ್ರ ಹೋಗುತ್ತೆ."