ಮೂರು ಬೇಡ, ಒಂದು ಹ್ಞೂಂ

ನಮ್ಮ ದೊಡ್ಡಪ್ಪನಿಗೆ ಈಗ ಎಪ್ಪತ್ತಾರು ವರ್ಷ. ಈ ಎಪ್ಪತ್ತಾರು ವರ್ಷಗಳಲ್ಲಿ ಅವರು ಮೊದಲ ಸಲ ಕೇಳಿದಾಗಲೇ 'ಹ್ಞೂಂ' ಅಂದದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಕೈ ಎತ್ತಿ! ಯಾರೂ ಎತ್ತುವುದಿಲ್ಲ, ನನಗೆ ಗೊತ್ತು.

ಕಾಫಿಯನ್ನೇ ತಗೊಳ್ಳಿ. "ದೊಡ್ಡಪ್ಪ, ಕಾಫಿ ಕೊಡ್ಲಾ?" ಎಂದರೆ "ಬೇಡ". ಇದು ಮರ್ಯಾದೆಯ ಬೇಡ. "ಸ್ವಲ್ಪ ಕುಡೀರಿ" ಎಂದರೆ "ಬೇಡ ಬಿಡವ್ವ". ಇದು ಕೇಳಿದವರಿಗೆ ಕೊಡುವ ಮನಸ್ಸು ನಿಜವಾಗಿ ಇದೆಯೋ ಇಲ್ಲವೋ ಎಂದು ಅಳೆಯುವ ಬೇಡ. ಮೂರನೆಯ "ಬೇಡ" ಬರುವಷ್ಟರಲ್ಲಿ ಅವರು ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಟವೆಲ್ಲಿನಲ್ಲಿ ಮೀಸೆ ಒರೆಸಿಕೊಂಡು ಲೋಟಕ್ಕೆ ತಯಾರಾಗಿ ಕೂತಿರುತ್ತಾರೆ. ನಾಲ್ಕನೇ ಸಲ ಕೇಳಿದಿರೋ, "ನೀನು ಇಷ್ಟು ಹೇಳ್ತೀಯ ಅಂತ" ಎನ್ನುತ್ತಾ ನಿಮಗೇ ಏನೋ ದೊಡ್ಡ ಉಪಕಾರ ಮಾಡಿದವರಂತೆ ಕೈ ಚಾಚುತ್ತಾರೆ. ಸ್ವಂತ ತೋಟದಲ್ಲಿ ಕಾಫಿ ಬೆಳೆಯುವ ಮನುಷ್ಯನಿಗೆ ಒಂದು ಲೋಟ ಕಾಫಿ ಕುಡಿಸುವುದಕ್ಕೆ ಇಷ್ಟು ಕಷ್ಟ!

ಮದುವೆಯೂ ಹೀಗೇ ಆದದ್ದು. ಯಸಳೂರಿನ ಕಡೆಯ ಹೆಣ್ಣು ನೋಡಿ ಬಂದು, ಹೇಗಿದೆ ಅಂತ ಕೇಳಿದರೆ "ಬೇಡ" ಅಂದರಂತೆ. ಪುಣ್ಯಕ್ಕೆ ಮಾತುಕತೆಗೆ ನಿಂತವರು ನಮ್ಮ ಕುಂದೂರಿನವರೇ. ಇವರ ಬೇಡದ ಮರ್ಮ ಅವರಿಗೆ ಗೊತ್ತಿತ್ತು. ವಾರಕ್ಕೊಮ್ಮೆ ಬಂದು ಮತ್ತೆ ಮತ್ತೆ ಕೇಳಿ, ನಾಲ್ಕನೇ ವಾರ ಹ್ಞೂಂ ಅನ್ನಿಸಿಕೊಂಡು ಹೋದರು. ಈ ಕತೆಯನ್ನು ಯಾರಾದರೂ ಹೇಳಿದಾಗಲೆಲ್ಲ ದೊಡ್ಡಮ್ಮ ಒಲೆಯ ಮುಂದಿನಿಂದಲೇ ಒಂದು ಮಾತು ಸೇರಿಸುತ್ತಾರೆ. "ನಾನೂ ಬೇಡ ಅಂದಿದ್ದೆ ಕಣವ್ವ. ನಂಗೆ ಯಾರೂ ಎರಡ್ನೇ ಸಲ ಕೇಳ್ಲೇ ಇಲ್ಲ."

ಒಮ್ಮೆ ಕಾಲು ಉಳುಕಿಸಿಕೊಂಡು ಯಸಳೂರಿನಿಂದ ಸಕಲೇಶಪುರದವರೆಗೆ ಬಸ್ಸಿನಲ್ಲಿ ನಿಂತೇ ಬಂದರು. ಸೀಟು ಇರಲಿಲ್ಲವೇ? ಇತ್ತು. ಕಾಲೇಜು ಹುಡುಗಿಯೊಬ್ಬಳು ಎದ್ದು "ಕೂತ್ಕೊಳ್ಳಿ ತಾತ" ಅಂದಳು. ಇವರು "ಬೇಡವ್ವ" ಅಂದರು. ಅವಳು ಸರಿ ಅಂತ ಕೂತಳು. ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಇವರ ತೀರ್ಪು: "ಕೊಡೋ ಮನಸ್ಸೇ ಇರ್ಲಿಲ್ಲ ಅದುಕ್ಕೆ. ಇದ್ದಿದ್ರೆ ಇನ್ನೊಂದ್ ಸಲ ಹೇಳ್ತಿರ್ಲಿಲ್ವಾ?"

ಇನ್ನು ಅವರ ಮನೆಗೆ ಊಟಕ್ಕೆ ಹೋದರೆ ಇದೇ ಕಾನೂನು ನಿಮಗೂ ಅನ್ವಯಿಸುತ್ತದೆ. ನಿಮ್ಮ ಮೊದಲ ಮೂರು ಬೇಡಗಳು ಅಲ್ಲಿ ಲೆಕ್ಕಕ್ಕಿಲ್ಲ! ನನ್ನ ಗಂಡ ಮದುವೆಯಾದ ಹೊಸತರಲ್ಲಿ ಅಲ್ಲಿ ಅಕ್ಕಿತರಿಯ ಉಂಡೆ ಕಡುಬು, ಕೋಳಿಸಾರಿನ ಊಟಕ್ಕೆ ಕೂತು, ಹೊಟ್ಟೆ ತುಂಬಿದ ಮೇಲೆ ಪ್ರಾಮಾಣಿಕವಾಗಿ "ಬೇಡ" ಅಂದರು. ಒಂದೊಂದು ಬೇಡಕ್ಕೂ ಒಂದೊಂದು ಕಡುಬು ಬಿತ್ತು. ಒಟ್ಟು ಒಂಬತ್ತು ಕಡುಬು ತಿಂದ ಮಹಾನುಭಾವ ಸಂಜೆಯವರೆಗೂ ಜಗಲಿಯ ಮೇಲೆ ಮಗ್ಗುಲು ಬದಲಿಸಲಾಗದೆ ಮಲಗಿದ್ದರು. ಅದರ ಮೇಲೂ ದೊಡ್ಡಪ್ಪ ನನ್ನ ಹತ್ತಿರ ಬಂದು ಪಿಸುಮಾತಿನಲ್ಲಿ ಕೇಳಿದರು. "ನಿನ್ ಗಂಡಂಗೆ ಸಂಕೋಚ ಜಾಸ್ತಿ ಅಲ್ವೇನವ್ವ?"

ಇಷ್ಟು ನಕ್ಕಿದ್ದಾಯಿತಲ್ಲ, ಈಗ ನಗದೆ ಕೇಳುವ ಸಂಗತಿ ಒಂದಿದೆ. ಈ ದೊಡ್ಡಪ್ಪನ ಒಬ್ಬನೇ ತಮ್ಮ ನಮ್ಮಪ್ಪ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಅವರಿಗೆ ಒಂದು ಅಂದರೆ ಒಂದು, ಬೇಡ ಅಂದರೆ ಬೇಡ. ಹನ್ನೊಂದು ವರ್ಷದ ಹಿಂದೆ ಸಕಲೇಶಪುರದಲ್ಲಿ ಮನೆ ಕಟ್ಟಿಸಿದಾಗ ಅಪ್ಪ ಅಣ್ಣನಿಗೆ ಫೋನ್ ಮಾಡಿ "ಗೃಹಪ್ರವೇಶಕ್ಕೆ ಬಾ" ಅಂದರು. ಆ ಕಡೆಯಿಂದ "ನಾನ್ಯಾಕೋ, ಇಲ್ಲಿ ಒಕ್ಕಣೆ ಐತೆ, ಬೇಡ ಬಿಡು" ಎಂಬ ಮಾತು ಬಂತು. ಅಪ್ಪ "ಸರಿ ಹಾಗಾದ್ರೆ" ಅಂತ ಫೋನ್ ಇಟ್ಟರು.

ಗೃಹಪ್ರವೇಶದ ದಿನ ದೊಡ್ಡಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೊಸ ಮನೆಗೆಂದು ಕಡಿಸಿದ ಬಾಳೆಗೊನೆಯನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಫೋನ್ ಹಿಡಿದು ಕೂತಿದ್ದರಂತೆ. ಅದು ರಿಂಗಾಗಲಿಲ್ಲ. ಸಂಜೆ ಎದ್ದು ಗೊನೆಯನ್ನು ದನಗಳಿಗೆ ಹಾಕಿಬಿಟ್ಟರಂತೆ. ಇದನ್ನು ದೊಡ್ಡಮ್ಮ ನನಗೆ ಹೇಳುವ ಹೊತ್ತಿಗೆ ಅಣ್ಣತಮ್ಮ ಮಾತು ಬಿಟ್ಟು ವರ್ಷವಾಗಿತ್ತು. "ಒಂದೇ ಸಲ ಕರೆದ" ಎಂದು ದೊಡ್ಡಪ್ಪ, "ಕರೆದೆನಲ್ಲ" ಎಂದು ಅಪ್ಪ. ಇಬ್ಬರು ಹೇಳುವುದೂ ನಿಜವೇ, ಏನು ಮಾಡುತ್ತೀರಿ?

ಹೋದ ವರ್ಷ ದೊಡ್ಡಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದರು. ಅಪ್ಪ ಹಾಸನದ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಒಳಗೆ ಹೋಗದೆ ವಾಪಸ್ ಬಂದರು. ಅವತ್ತು ನಾನು ಅಪ್ಪನ ಮೇಲೆ ಕೂಗಾಡಿದೆ. "ಅವರಿಗೆ ನಾಲ್ಕು ಸಲ ಹೇಳಬೇಕು, ಅದು ಊರಿಗೇ ಗೊತ್ತು, ನಿನಗೆ ಗೊತ್ತಿಲ್ವಾ?" ಅಪ್ಪ ಎದ್ದು ಒಳಗೆ ಹೋದರು. ಆದರೆ ನನಗೆ ಒಳಗೊಳಗೇ ಹೆದರಿಕೆ ಶುರುವಾಯಿತು. ಇಬ್ಬರೂ ಹೀಗೇ ಕಾಯುತ್ತಾ ಕೂತರೆ ಕೊನೆಗೆ ಕರೆಯುವುದಕ್ಕೆ ಒಬ್ಬರು, ಬರುವುದಕ್ಕೆ ಒಬ್ಬರು ಅಂತ ಉಳಿಯಬೇಕಲ್ಲ.

ಆಗ ನನ್ನ ತಲೆಗೆ ಬಂದದ್ದೇ ಬಫೆ! ದೊಡ್ಡಪ್ಪ ದೊಡ್ಡಮ್ಮನ ಮದುವೆಗೆ ಐವತ್ತು ವರ್ಷ ತುಂಬಿತ್ತು. ಆ ನೆಪದಲ್ಲಿ ಎಲ್ಲರನ್ನೂ ಬಫೆ ಊಟಕ್ಕೆ ಕರೆದುಕೊಂಡು ಹೋದರೆ? ಅಲ್ಲಿ ಯಾರೂ ಯಾರಿಗೂ ಬಡಿಸುವುದಿಲ್ಲ, ಬೇಕಾ ಅಂತ ಕೇಳುವುದಿಲ್ಲ. ಕೇಳದೆ ಇದ್ದ ಮೇಲೆ ಬೇಡ ಎಲ್ಲಿಂದ ಬಂತು? ಜಗಳ ಎಲ್ಲಿಂದ ಬಂತು? ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ದೊಡ್ಡಪ್ಪನಿಗೆ ನಾಲ್ಕು ದಿನ ನಾಲ್ಕು ಫೋನ್ ಮಾಡಿದೆ, ಅಪ್ಪನಿಗೆ ಒಂದು. ಒಬ್ಬರು ಬರುವುದನ್ನು ಇನ್ನೊಬ್ಬರಿಗೆ ಹೇಳಲಿಲ್ಲ.

ಆಲೂರಿಗೂ ಸಕಲೇಶಪುರಕ್ಕೂ ನಡುವೆ ಹೆದ್ದಾರಿಯ ಪಕ್ಕದಲ್ಲಿ ಹಳೇ ಎಸ್ಟೇಟಿನ ಕಾಫಿ ಗೋದಾಮೊಂದನ್ನು ತಿದ್ದಿ ತೀಡಿ ಹೋಟೆಲ್ ಮಾಡಿದ್ದಾರೆ. ಮೊದಲು ಕಾಫಿ ಒಣಗಿಸುತ್ತಿದ್ದ ಕಣದಲ್ಲಿ ಈಗ ಸಾಲಾಗಿ ಕಾರು ನಿಲ್ಲುತ್ತವೆ. ನನ್ನ ಕಾರಿನಿಂದ ಇಳಿದ ದೊಡ್ಡಪ್ಪ ಸುತ್ತಲೂ ನೋಡಿ ಲೊಚಗುಟ್ಟಿದರು. "ಇಂಥ ಕಣದಾಗೆ ಕಾರು ಒಣಗಿಸ್ತಾವ್ರಲ್ಲ."

ಬಾಗಿಲಲ್ಲಿ 'ಏಷ್ಯನ್ ಬಫೆ' ಎಂಬ ಫಲಕ. "ಏಷ್ಯನ್ ಅಂದ್ರೆ?" ಅಂದರು. ಚೀನಾ, ಜಪಾನ್, ಥಾಯ್ಲೆಂಡ್ ಕಡೆಯ ಊಟ ಅಂದೆ.

"ನಾವಿರೋದೂ ಏಷ್ಯಾದಾಗೇ ಅಲ್ವೇನವ್ವ? ಕುಂದೂರೂ ಏಷ್ಯಾದಾಗೇ ಬರ್ತದೆ. ಮುದ್ದೆ ಎಲ್ಲಿ ಮಡಗವ್ರೆ ಕೇಳು."

ಒಳಗೆ ಹೋಗಿ ಕೂತೆವು. ಆಹಾ, ಏನು ಘಮ! ಉದ್ದಕ್ಕೆ ಜೋಡಿಸಿದ ಪಾತ್ರೆಗಳಿಂದ ಹಬೆ ಏಳುತ್ತಿತ್ತು. ನೂಡಲ್ಸು, ಸೀಗಡಿ, ತೆಂಗಿನಹಾಲಿನ ಹಸಿರು ಸಾರು, ಬಿದಿರಿನ ಬುಟ್ಟಿಗಳ ಗೋಪುರ! ದೊಡ್ಡಮ್ಮ ತಟ್ಟೆ ಹಿಡಿದು ಹೊರಟೇಬಿಟ್ಟರು. ದೊಡ್ಡಪ್ಪ ಮಾತ್ರ ಮೊಣಕಾಲ ಮೇಲೆ ಕೈಯಿಟ್ಟು ನೆಟ್ಟಗೆ ಕೂತರು. ಐದು ನಿಮಿಷ, ಹತ್ತು ನಿಮಿಷ.

"ಪಾಪ, ಬಡಿಸೋಕೆ ಜನ ಸಾಲ್ದು ಅಂತ ಕಾಣ್ತದೆ. ಅವರವರೇ ಹಾಕ್ಕೊಂಡು ತಿಂತಾವ್ರೆ," ಅಂದರು.

"ಇಲ್ಲಿ ಹಾಗೇ ದೊಡ್ಡಪ್ಪ. ಏಳಿ, ಊಟಕ್ಕೆ."

"ನೀನೂ ನನ್ ಜೊತೇಲಿ ಬಂದೋಳು. ನೀನು ಕರೆದ್ರೆ ಹೆಂಗೆ? ಏಳಿ ಊಟಕ್ಕೆ ಅಂತ ಮನೆಯೋರು ಕರೀಬೇಕು."

ಕೇಳುವವರೇ ಇಲ್ಲದ ಜಾಗಕ್ಕೆ ಕರೆತಂದದ್ದು ನನ್ನ ಜಾಣತನವಲ್ಲವೇ? ಈಗ ಕೇಳುವವರಿಲ್ಲ ಅಂತಲೇ ಮನುಷ್ಯ ಉಪವಾಸ ಕೂತಿದ್ದಾರೆ! ಅಷ್ಟರಲ್ಲಿ ಹೋಟೆಲಿನ ವೇಟರ್ ಒಬ್ಬರು ಬಂದು ಬಗ್ಗಿ "ಸೂಪ್, ಸಾರ್?" ಎಂದರು. ನಾನು ಬಾಯಿ ಬಿಡುವ ಮುಂಚೆಯೇ ದೊಡ್ಡಪ್ಪ "ಬೇಡ" ಅಂದಾಗಿತ್ತು. ಅವರು ನಕ್ಕು ಮುಂದಿನ ಟೇಬಲ್ಲಿಗೆ ಹೋದರು. ದೊಡ್ಡಪ್ಪ ಅವರ ಬೆನ್ನನ್ನೇ ನೋಡುತ್ತಾ "ಹೋಗೇಬುಟ್ನಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿದರು.

ನಾನು ಎದ್ದು ಆ ವೇಟರ್ ಹಿಂದೆ ಓಡಿದೆ. ಮಣಿಪುರದವರು, ನಾಲ್ಕು ವರ್ಷದಿಂದ ಇಲ್ಲೇ ಇದ್ದು ಕನ್ನಡ ಕಲಿತಿದ್ದಾರೆ. ಹೀಗೆ ಹೀಗೆ ಎಂದು ದೊಡ್ಡಪ್ಪನ ಲೆಕ್ಕಾಚಾರವನ್ನೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

"ನಮ್ಮ ಊರಲ್ಲೂ ಹಂಗೇ ಮೇಡಂ. ಒಂದು ಸಲ ಕೇಳಿ ಹೋದ್ರೆ ನಮ್ಮ ಅಜ್ಜಿ ಬೈತಾಳೆ."

ನೋಡಿದಿರಾ? ಫಲಕದಲ್ಲಿ ಏಷ್ಯನ್ ಅಂತ ಬರೆದದ್ದು ಸುಳ್ಳಲ್ಲ! ಅವರು ಬಂದು "ಸೂಪ್ ಬೇಕಾ ಸಾರ್, ಬೇಕಾ ಸಾರ್, ಬೇಕಾ ಸಾರ್" ಎಂದು ಒಂದೇ ಉಸಿರಿಗೆ ಒಪ್ಪಿಸಿದರು. ದೊಡ್ಡಪ್ಪ ನನ್ನ ಮುಖ ನೋಡಿದರು. "ಇವ್ನೇನವ್ವ, ಬಸ್ ಸ್ಟ್ಯಾಂಡಾಗೆ ಕೂಗ್ದಂಗೆ ಕೂಗ್ತಾನೆ." ನಾನು ಹಿಂದಿನಿಂದ ಕೈ ಮಾಡಿ ನಿಧಾನ, ನಿಧಾನ ಎಂದು ಸೂಚಿಸಿದೆ. ಅವರು ಅರ್ಥಮಾಡಿಕೊಂಡು ಒಂದೊಂದೇ ಸಲ, ನಡುವೆ ಬಿಡುವು ಕೊಟ್ಟು ಕೇಳಿದರು. ನಾಲ್ಕನೆಯದಕ್ಕೆ ದೊಡ್ಡಪ್ಪ "ನೀನು ಇಷ್ಟು ಹೇಳ್ತೀಯ ಅಂತ" ಎಂದು ಸೂಪ್ ತಗೊಂಡರು. ಆಮೇಲೆ ಮಣಿಪುರದವರಿಗೂ ಹುಮ್ಮಸ್ಸು ಬಂತು. ನೀರಿಗೆ ನಾಲ್ಕು ಸಲ, ಕೈ ಒರೆಸುವ ಕಾಗದಕ್ಕೆ ನಾಲ್ಕು ಸಲ! "ಒಳ್ಳೆ ಮನೆತನದೋನು" ಎಂದು ದೊಡ್ಡಪ್ಪನ ಸರ್ಟಿಫಿಕೇಟೂ ಸಿಕ್ಕಿತು. ಕೊಟ್ಟ ಜೋಡಿ ಕಡ್ಡಿಗಳಲ್ಲಿ ತಿನ್ನುವುದು ಹೇಗೆಂದು ತೋರಿಸಿಕೊಟ್ಟಾಗ ದೊಡ್ಡಪ್ಪ ಅವನ್ನು ಒರೆಸಿ ಜೇಬಿಗೆ ಹಾಕಿಕೊಂಡರು. ಮೆಣಸಿನ ಸಸಿಗೆ ಊರುಗೋಲಾಗುತ್ತದಂತೆ.

ಇತ್ತ ದೊಡ್ಡಮ್ಮ ಮೂರನೇ ಸುತ್ತು ಮುಗಿಸಿ ಬಂದು ಕೂತರು. ಮುಖ ಕೆಂಪಗೆ ಹೊಳೆಯುತ್ತಿತ್ತು. "ಯಾರ್ಗೂ ಬಡಿಸೋಂಗಿಲ್ಲ, ಯಾರ್ನೂ ಬೇಕಾ ಬೇಕಾ ಅಂತ ಕೇಳೋಂಗಿಲ್ಲ. ಐವತ್ತು ವರ್ಷದಾಗೆ ಇಂಥ ಊಟ ಮಾಡಿರ್ಲಿಲ್ಲ ಕಣವ್ವ," ಅಂದರು.

ಆಗ ಬಾಗಿಲಲ್ಲಿ ಅಪ್ಪ ಕಾಣಿಸಿದರು. ಅಣ್ಣನನ್ನು ನೋಡಿ ಅಲ್ಲೇ ನಿಂತರು. ಗೇಟಿನವರೆಗೆ ಬಂದು ವಾಪಸ್ ಹೋಗುವ ಮನುಷ್ಯ ಅಲ್ಲವೇ! ಹತ್ತಿರ ಹೋದೆ.

"ಅವನೂ ಬಂದಿದ್ದಾನಾ?" ಅಂದರು. ಹ್ಞೂಂ ಅಂದೆ. ಸ್ವಲ್ಪ ಹೊತ್ತು ಚಪ್ಪಲಿ ನೋಡಿಕೊಂಡರು. ಆಮೇಲೆ ಕೇಳಿದರು.

"ಅವತ್ತು ಹೇಳಿದ್ಯಲ್ಲ. ಮೂರು ಸಲವೋ, ನಾಲ್ಕೋ?"

"ಮೂರಕ್ಕೆ ಬೇಡ ಅಂತಾರೆ, ಅಪ್ಪ. ನಾಲ್ಕಕ್ಕೆ ಹ್ಞೂಂ."

ಅಪ್ಪ ಬೆರಳು ಮಡಿಸಿ ಎಣಿಸಿಕೊಂಡು ಬಂದು ಅಣ್ಣನ ಎದುರಿಗೆ ಕೂತರು. ದೊಡ್ಡಪ್ಪ ಖಾಲಿ ಸೂಪಿನ ಬಟ್ಟಲನ್ನು ತಿರುಗಿಸುತ್ತಾ ಕೂತರೆ ಅಪ್ಪ ಉಪ್ಪಿನ ಡಬ್ಬಿಯನ್ನು ಓದುತ್ತಿದ್ದರು. ಅಷ್ಟರಲ್ಲಿ ಆ ಕಡೆ ಯಾರೋ ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದರು. ಹಬೆ ಎದ್ದಿತು. ಒಳಗೆ ಬೆಳ್ಳಗೆ, ದುಂಡಗೆ, ಮೆತ್ತಗೆ ಸಾಲಾಗಿ ಕೂತಿದ್ದವು. ಬರೆದಿಟ್ಟ ಹೆಸರು ಡಿಮ್ ಸಮ್. ದೊಡ್ಡಪ್ಪ ಯಾರಿಗೂ ಅಲ್ಲ ಎಂಬಂತೆ "ಕಡುಬು" ಅಂದರು.

ಅಪ್ಪ ಎದ್ದರು. ಹೊರಟೇಬಿಟ್ಟರು ಅಂದುಕೊಂಡೆ. ಅವರು ನೇರ ಹೋಗಿ, ತಟ್ಟೆಯಲ್ಲಿ ಹಾಕಿಕೊಳ್ಳಬೇಕು ಎಂಬುದನ್ನೂ ಮರೆತು, ಇಡೀ ಬುಟ್ಟಿಯನ್ನೇ ಇಕ್ಕಳದ ಸಮೇತ ಎತ್ತಿಕೊಂಡು ಬಂದರು! ಮಣಿಪುರದವರು ಹಿಂದೆಯೇ ಓಡಿಬಂದು, ನಮ್ಮ ಟೇಬಲ್ ನೋಡಿ, ಸುಮ್ಮನೆ ನಿಂತರು. ಅಪ್ಪ ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸುವವರ ಹಾಗೆ ಸೊಂಟ ಬಗ್ಗಿಸಿದರು.

"ಅಣ್ಣ, ಕಡುಬು ಹಾಕ್ಲಾ?"

"ಹಾಕು."

ಮೊದಲಲ್ಲಿ ಕೈ ಎತ್ತಿ ಅಂದಿದ್ದೆನಲ್ಲ? ಇಗೋ, ನಾನೇ ಎತ್ತುತ್ತಿದ್ದೇನೆ. ದೊಡ್ಡಮ್ಮನೂ ಎತ್ತುತ್ತಾರೆ!

ಅಪ್ಪ ಪಾಪ, ನಾಲ್ಕಕ್ಕೆ ತಯಾರಾಗಿ ಬಂದವರು. ಇಕ್ಕಳದಲ್ಲಿ ಕಡುಬು ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. ದೊಡ್ಡಪ್ಪ ತಲೆ ಎತ್ತಲಿಲ್ಲ.

"ಹಾಕೋ, ಆರೋಯ್ತದೆ. ನೀನು ಒಂದೇ ಸಲ ಕೇಳೋನು. ಅದು ತಿಳ್ಕಳಕ್ಕೆ ನಂಗೆ ಹನ್ನೊಂದು ವರ್ಷ ಬೇಕಾಯ್ತು."

ಆ ಕಡುಬಿನೊಳಗೆ ಸೀಗಡಿ ಇತ್ತು. ದೊಡ್ಡಪ್ಪನಿಗೆ ಸೀಗಡಿ ಕಂಡರಾಗದು. ಒಂದು ಚೂರೂ ಬಿಡದೆ ತಿಂದರು.

ಊಟ ಮುಗಿಸಿ ಕಣಕ್ಕೆ ಬಂದೆವು. ನನ್ನ ಕಾರಿನ ಪಕ್ಕದಲ್ಲೇ ಅಪ್ಪನ ಹಳೇ ಕಾರು ನಿಂತಿತ್ತು. ಅಪ್ಪ ಅಣ್ಣನ ಕಡೆ ತಿರುಗಿದರು. "ಮನೆ ಇಲ್ಲೇ ಹತ್ರ. ಬಂದು ಹೋಗು ಅಣ್ಣ."

"ಬೇಡ. ಹಾಲು ಕರೆಯೋ ಹೊತ್ತಾಯ್ತದೆ."

"ಬಾ ಅಣ್ಣ."

"ಬೇಡ ಬಿಡು. ಮಳೆ ಬರೋಂಗೈತೆ," ಎನ್ನುತ್ತಾ ದೊಡ್ಡಪ್ಪ ಅಪ್ಪನ ಕಾರಿನ ಕಡೆಗೆ ನಡೆದರು.

"ಒಂದು ಗಳಿಗೆ ಕೂತು ಹೋಗುವಂತೆ."

"ಬೇಡ ಕಣೋ," ಅಂದರು. ಈ ಮೂರನೇ ಬೇಡವನ್ನು ಅವರು ಹೇಳಿದ್ದು ಅಪ್ಪನ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಬೆಲ್ಟ್ ಎಳೆದುಕೊಳ್ಳುತ್ತಾ.

ಬಂದು ಕೂತ ಮೇಲೆ ಇನ್ನೇನು ಕೇಳುವುದು ಅಂತೀರಾ? ನಮ್ಮಪ್ಪ ಗಣಿತದ ಮೇಷ್ಟ್ರು, ಲೆಕ್ಕವನ್ನು ಅರ್ಧಕ್ಕೆ ಬಿಡುವವರಲ್ಲ. ಕಿಟಕಿಗೆ ಬಗ್ಗಿದರು. ಕಣ್ಣು ತುಂಬಿತ್ತು.

"ಮನೆಗೆ ಬಾರೋ ಅಣ್ಣ."

ದೊಡ್ಡಪ್ಪ ಟವೆಲ್ಲಿನಲ್ಲಿ ಮೀಸೆ ಒರೆಸಿಕೊಂಡರು. ಹಾಗೆಯೇ ಕಣ್ಣನ್ನೂ ಒರೆಸಿಕೊಂಡರು.

"ನೀನು ಇಷ್ಟು ಹೇಳ್ತೀಯ ಅಂತ."