ಹಬೆಮನೆಯ ಮೇಲಿನ ಲೈನು

ಕೆನಡಾದಿಂದ ಗಡಿ ದಾಟಿ ಮಿನ್ನೆಸೋಟಾಕ್ಕೆ ಬರಲಿದ್ದ ದೊಡ್ಡ ವಿದ್ಯುತ್ ಲೈನು, ಅಷ್ಟು ಅಗಲದ ಭೂಮಿಯನ್ನೆಲ್ಲ ಬಿಟ್ಟು ಐನೋ ರೌಟಿಯೋನ ಹಬೆಮನೆಯ ನೆತ್ತಿಯ ಮೇಲೇ ಹಾಯುವುದಿತ್ತು. ಆ ಹಬೆಮನೆ ಅವನ ಅಜ್ಜ ದಿಮ್ಮಿ ಹೊತ್ತು ಕಟ್ಟಿದ್ದು. ಶನಿವಾರ ಅದರೊಳಗೆ ಕೂತು ಬೆವರದಿದ್ದರೆ ಐನೋಗೆ ಆ ವಾರ ವಾರವೇ ಅಲ್ಲ. ಲೈನು ಬಂದರೆ ಅದನ್ನು ಕೆಡವಬೇಕು.

"ಚರ್ಚ್ ಹಾಲ್‌ನಲ್ಲಿ ಲೈನಿನ ಪರಿಸರ ಪರಿಶೀಲನೆ ಸಭೆಯಂತೆ. ಇವತ್ತಾದ್ರೂ ಬಾಯಿ ಬಿಟ್ಟು ಕೇಳ್ರೀ," ಎಂದು ಹೆಂಡತಿ ಲೆಂಪಿ ಅಟ್ಟಿದಳು.

ಕಷ್ಟ ಇದ್ದದ್ದೇ ಅಲ್ಲಿ. ಆ ಸೀಮೆಯಲ್ಲಿ ಯಾರು ಏನು ಕೊಡಲು ಬಂದರೂ ಮೊದಲ ಸಲಕ್ಕೇ 'ಹೂಂ' ಅಂದವನು ಹೊಟ್ಟೆಬಾಕ. ಎರಡು ಸಲ ಬೇಡ ಅಂದು, ಮೂರನೇ ಸಲ "ನೀವು ಅಷ್ಟು ಬಲವಂತ ಮಾಡಿದ್ರೆ" ಎಂದು ತಟ್ಟೆ ಚಾಚಬೇಕು. ವಾಷಿಂಗ್ಟನ್ನಿನಿಂದ ಬಂದಿದ್ದ ಅಧಿಕಾರಿ ಮಾರ್ವಾ ಪ್ರುಯಿಟ್‌ಗೆ ಇದೆಲ್ಲ ಹೇಗೆ ಗೊತ್ತಿರಬೇಕು?

"ಮಿಸ್ಟರ್ ರೌಟಿಯೋ, ಲೈನನ್ನ ಜೌಗಿನ ಆಚೆಗೆ ಸರಿಸ್ಲಾ? ನಿಮ್ಮ ಹಬೆಮನೆ ಉಳಿಯುತ್ತೆ."

ಐನೋನ ಎದೆ ಕುಣಿಯಿತು. ಬಾಯಿ ಮಾತ್ರ ಹಳೇ ಚಾಳಿ ಬಿಡಲಿಲ್ಲ. "ಛೆ ಛೆ, ನನಗೋಸ್ಕರ ಯಾಕೆ ತೊಂದ್ರೆ?"

"ಸರಿ. ಮುಂದಿನವರು ಬನ್ನಿ," ಎಂದು ಬರೆದುಕೊಂಡಳು ಮಾರ್ವಾ. ಎರಡನೇ ಸಲ ಕೇಳುತ್ತಾಳೆಂದು ಐನೋ, ಬಸ್ಸು ಹೋದ ಮೇಲೂ ಸ್ಟಾಪಿನಲ್ಲಿ ನಿಂತವನಂತೆ ನಿಂತೇ ಇದ್ದ.

ಆಮೇಲೆ ಮನೆಗೆ ಫೋನ್ ಮಾಡಿ ನಡೆದದ್ದು ಹೇಳಿದ್ದಕ್ಕೆ ಲೆಂಪಿ ಕಿರುಚಿದಳು: "ಇನ್ನೊಂದ್ಸಲ ಕೇಳಿದ್ರೆ ಮೊದಲ್ನೇ ಸಲಕ್ಕೇ ಹೂಂ ಅನ್ನಿ!"

ಕಾಫಿ ಹಂಚುತ್ತಿದ್ದ ಪಕ್ಕದ ಮನೆಯ ಇಂಗೆಬೋರ್ಗ್‌ಗೂ ಅಯ್ಯೋ ಅನ್ನಿಸಿತು. "ಇರು, ಅವಳಿಗೆ ನಾನು ಬುದ್ಧಿ ಹೇಳ್ತೀನಿ," ಎಂದು ಹೋಗಿ ಮಾರ್ವಾಳ ಕಿವಿಯಲ್ಲಿ ಏನೋ ಊದಿದಳು.

ಮಾರ್ವಾ ಎದ್ದು ಬಂದಳು. "ಮತ್ತೆ ಮೊದಲಿಂದ ಕೇಳ್ತೀನಿ. ಲೈನು ಸರಿಸ್ಲಾ?"

"ಹೂಂ! ಸರಿಸಿ!"

ಊರಿಗೆ ಊರೇ ತಿರುಗಿ ಹೊಟ್ಟೆಬಾಕನನ್ನು ನೋಡಿತು. ಮಾರ್ವಾ ಬರೆದುಕೊಳ್ಳದೆ ನಕ್ಕಳು. "ನಿಜವಾಗ್ಲೂ ಸರಿಸ್ಲಾ?"

ಐನೋನ ಕಿವಿ ಕೆಂಪಾಯಿತು. "ಅಂದ್ರೆ... ನಿಮಗೆ ಕಷ್ಟ ಆಗೋದಾದ್ರೆ ಬೇಡ."

"ಮೂರನೇ ಸಲ ಕೇಳ್ತಿದೀನಿ. ಸರಿಸ್ಲಾ?"

ಇಷ್ಟು ಸಲ ಕೇಳುತ್ತಾಳೆಂದರೆ ಪಾಪ, ಅವಳಿಗೆ ಎಷ್ಟು ತಾಪತ್ರಯವೋ! ಐನೋ ಕರಗಿಹೋದ. "ಬೇಡ ಬಿಡಿ. ಹೇಗೋ ನಡೆಯುತ್ತೆ."

"ಅಬ್ಬ! ನಿಮ್ಮೂರಲ್ಲಿ ಮೂರನೇ ಮಾತೇ ನಿಜ ಅಂತ ಇಂಗೆಬೋರ್ಗ್ ಹೇಳ್ದೇ ಇದ್ದಿದ್ರೆ, ನಿಮ್ಮ 'ಹೂಂ' ನಂಬಿ ಲೈನು ಸರಿಸಿಬಿಡ್ತಿದ್ದೆ!" ಎಂದು ಮಾರ್ವಾ ಕಡತ ಮುಚ್ಚಿದಳು.

ಅಷ್ಟರಲ್ಲಿ ಇಂಗೆಬೋರ್ಗ್ ನಗುನಗುತ್ತ ಬಂದಳು. "ಕೆಲಸ ಆಯ್ತಲ್ಲ? ಕಾಫಿ ಹಾಕ್ಲಾ?"

"ಬೇಡ," ಎಂದ ಐನೋ. ಈ ಸಲ ಅವನಿಗೆ ನಿಜವಾಗಿಯೂ ಬೇಡವಾಗಿತ್ತು. ಅವಳು ಇನ್ನೆರಡು ಸಲ ಕೇಳಿ, ಕಪ್ಪು ತುಂಬಿಸಿಯೇ ಬಿಟ್ಟಳು.