ನಾನು ಸರಿ ಮಾಡಿದ ಪಿಯಾನೋ

ಶಾಲೆಯನ್ನು ನಾನು ಏಳನೇ ಕ್ಲಾಸಿಗೇ ಬಿಟ್ಟೆ. ಆದರೆ ಅಬುಧಾಬಿಯಲ್ಲಿ ನಾನು ಬಿಚ್ಚಿ ಮತ್ತೆ ಜೋಡಿಸದ ಎ.ಸಿ. ಇಲ್ಲ. ಯಂತ್ರ ಯಾವುದೇ ಇರಲಿ, ಸದ್ದು ಕೇಳಿಯೇ ಅದರ ಕಾಯಿಲೆ ಹೇಳಬಲ್ಲೆ ಎಂಬ ಹೆಮ್ಮೆ ನನ್ನದು. ಆ ಹೆಮ್ಮೆಗೆ ಬಲಿಯಾದದ್ದು ಮಗಳ ಪಿಯಾನೋ.

ಮಗಳು ಶ್ರಾವ್ಯಾ ಸಂಗೀತ ಕಾಲೇಜಿನ ಸೀಟಿಗಾಗಿ ಈ ಕಾಲದವರು ಬರೆದ ಒಂದು ಪ್ರೆಲ್ಯೂಡ್ ಮತ್ತು ಫ್ಯೂಗ್ ಕಲಿಯುತ್ತಿದ್ದಳು. ಪ್ರೆಲ್ಯೂಡ್ ಎಂದರೆ ಪೀಠಿಕೆಯಂತೆ. ಫ್ಯೂಗಿನಲ್ಲಿ ಒಂದು ಕೈ ಹೇಳಿದ್ದನ್ನೇ ಇನ್ನೊಂದು ಕೈ ತಡವಾಗಿ ಬಂದು ಹೇಳುತ್ತದೆ. ಮೊದಲನೆಯದು ಬಾಯಿ ಮುಚ್ಚುವುದೂ ಇಲ್ಲ. ನಮ್ಮ ಭಜನಾ ಮಂಡಳಿಯಲ್ಲಿ ಇದು ವಾರ ವಾರವೂ ಪುಕ್ಕಟೆ ನಡೆಯುತ್ತದೆ! ಮನೆಯಲ್ಲೇ ನುಡಿಸಿ, ವಿಡಿಯೋ ಮಾಡಿ, ಭಾನುವಾರ ಸಂಜೆಯೊಳಗೆ ಕಳಿಸಬೇಕಿತ್ತು.

ಕೇಳಿ ಕೇಳಿ ನನಗೆ ಖಾತ್ರಿಯಾಯಿತು: ತಂತಿಗಳು ಸಡಿಲಾಗಿವೆ. ಎರಡು ಸ್ವರ ಜೊತೆಗೆ ಬಂದರೆ ಕೆಟ್ಟ ಕಂಪ್ರೆಸರಿನ ಸದ್ದು. ಖಲೀಫಾ ಸಿಟಿಯ ವಿಲ್ಲಾ ಒಂದರಿಂದ ಸೆಕೆಂಡ್ ಹ್ಯಾಂಡ್ ತಂದ ಮಾಲು ತಾನೇ! ಭಾನುವಾರ ಬೆಳಿಗ್ಗೆ ತಾಯಿ ಮಗಳು ವಿಡಿಯೋಗೆ ಡ್ರೆಸ್ ತರಲು ಹೋದರು. ನಾನು ಪಿಯಾನೋದ ಮುಚ್ಚಳ ತೆಗೆದೆ. ಗ್ಯಾಸ್ ವಾಲ್ವ್ ತಿರುಗಿಸುವ ನನ್ನ ರಾಚೆಟ್ ತಂತಿ ಸುತ್ತಿದ ಚೌಕದ ಮೊಳೆಯ ಮೇಲೆ ಚಂದವಾಗಿ ಕೂತಿತು. ದೇವರೇ ಅಳತೆ ಕೊಟ್ಟಂತೆ! ಜಗಳವಾಡುತ್ತಿದ್ದ ಸ್ವರಗಳನ್ನು ಒಂದೊಂದಾಗಿ ಬಿಗಿದು ಭಜನೆಯ ಹಾರ್ಮೋನಿಯಂನಷ್ಟು ಇಂಪು ಮಾಡಿದೆ. ನಡುವೆ ಒಂದು ತಂತಿ ಠಣ್ ಎಂದು ತುಂಡಾಯಿತು. ಆ ಸ್ವರಕ್ಕೆ ಒಟ್ಟು ಮೂರು ತಂತಿಗಳಿದ್ದವು. ಇದು ಸ್ಪೇರ್ ಇರಬೇಕು ಎಂದುಕೊಂಡೆ.

ಶ್ರಾವ್ಯಾ ಬಂದು ನಾಲ್ಕು ಸಾಲು ನುಡಿಸಿ ಕೈ ತೆಗೆದಳು. ನಾನು ಹೆಮ್ಮೆಯಿಂದ ರಾಚೆಟ್ ತೋರಿಸಿದೆ.

"ಪಪ್ಪಾ, ಇಟ್ಸ್ ರಿಟನ್ ಲೈಕ್ ದಟ್. ಆ ಸ್ವರಗಳ ಜಗಳ ಹಾಗೇ ಇರ್ಬೇಕು."

"ಎಂಥ ಮಾಡಿದ್ದು ಮಾರಾಯ್ರೆ ನೀವು?" ಎಂದಳು ಹೆಂಡತಿ. "ಅವಳು ಊಟ ನಿದ್ದೆ ಬಿಟ್ಟು ಕಲ್ತದ್ದು."

ಪಿಯಾನೋ ಟೀಚರ್ ರಜೆಗೆ ಊರಿಗೆ ಹೋಗಿದ್ದರು, ಅವರ ಪಿಯಾನೋವೂ ಸಿಗುವಂತಿರಲಿಲ್ಲ. ಶ್ರುತಿ ಮಾಡುವವನು ಮಂಗಳವಾರಕ್ಕಿಂತ ಮೊದಲು ಬರಲಾರೆ ಎಂದ. ಸಂಜೆ ಕಳೆಯಿತು, ವಿಡಿಯೋ ಹೋಗಲಿಲ್ಲ. ಈ ವರ್ಷದ ಸೀಟು ಖಲಾಸ್.  ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಂಗಳವಾರ ಶ್ರುತಿಯವನು ಬಂದ. ಮಗಳು ಅವನ ಪಕ್ಕ ನಿಂತಳು, ನಾನು ಅಡುಗೆಮನೆಯಲ್ಲಿ ಅಡಗಿದೆ. ಬಹಳ ಹೊತ್ತಿನ ಮೇಲೆ ಅದೇ ತಿಕ್ಕಾಟ, ಅದೇ ಜಗಳ ಕೇಳಿಸಿತು. ಈ ಸಲ ನನಗೆ ಅದರ ಅಂದ ಅರ್ಥವಾಯಿತು! ಕಣ್ಣು ತುಂಬಿತು. ಹೊರಗೆ ಬಂದು ಚಪ್ಪಾಳೆ ತಟ್ಟಿ, ಎಷ್ಟು ಚಂದ ನುಡಿಸ್ತಿ ಮಗಾ ಎಂದೆ.

"ಪಪ್ಪಾ, ಅವ್ರು ಬಟ್ಟೆಯಲ್ಲಿ ಪಿಯಾನೋ ಕೀ ಒರೆಸ್ತಾ ಇದ್ದಾರೆ."

ಭಾನುವಾರದ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.